ಲೋಕಲ್ ಬಿಯರ್ ಅಂದ್ರೆ ಯಾವುದು? ಕೆರೆ ಏರಿ ಮೇಲಿನ ಸೀಸೆಗಳ ಲೆಕ್ಕ

ಬೆಂಗಳೂರಲ್ಲಿರೋ ನಮ್ಮ ಗೆಳೆಯನೊಬ್ಬ ಕಂಪನಿ ಬಿಯರ್ ಕುಡಿಯೋದು ಬಿಟ್ಟಿದ್ದಾನೆ. ನಮ್ಮ ಜೊತೆಗೇ ಜರ್ನಲಿಸಂ ಡಿಪ್ಲೊಮಾ ಓದಿದವನು. ಬೀರೂರಿಗೆ ಮದುವೆಗೆ ಬಂದಿದ್ದಾಗ ಬಾರಿನಲ್ಲಿ ಕಿಂಗ್‌ಫಿಷರ್ ಸ್ಟ್ರಾಂಗ್ ತಂದಿಟ್ಟರೆ ಮುಟ್ಟಲಿಲ್ಲ. “ಅದೆಲ್ಲ ಹೊರದೇಶದ ಕಂಪನಿದು ಕಣ್ರೋ. ನಾವೀಗ ಕುಡಿಯೋದು ಲೋಕಲ್ ಬ್ರೂವರಿದು ಮಾತ್ರ” ಅಂದ. ಸೋಡಾ ತರಿಸಿಕೊಂಡು ಕೂತ. ನಮಗೆ ನಗು ಬಂತು. ಆದರೆ ಅವನು ಬಸ್ ಹತ್ತಿದ ಮೇಲೂ ಆ ‘ಲೋಕಲ್’ ಅನ್ನೋ ಮಾತು ನಮ್ಮನ್ನು ಬಿಡಲಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಸುತ್ತಾಡಿ ಸುದ್ದಿ ಕಳಿಸೋ ನಮಗೆ ಅಬಕಾರಿ ದಾಳಿ ಅಂದ್ರೆ ಒಂದು ಕಾಲಂ ಸುದ್ದಿ. ಇಷ್ಟು ಪೆಟ್ಟಿಗೆ, ಇಷ್ಟು ಲೀಟರ್, ಇಬ್ಬರ ಬಂಧನ, ಮುಗೀತು. ಆ ಪೆಟ್ಟಿಗೆ ಯಾರದು ಅಂತ ನಾವೂ ಕೇಳಿರಲಿಲ್ಲ.

ಅವನು ಹೇಳೋ ಲೋಕಲ್ ಬ್ರೂವರಿ ಯಾವುದು ಅಂತ ಮೊದಲು ಹೇಳಿಬಿಡ್ತೀವಿ. ದೊಡ್ಡ ಫ್ಯಾಕ್ಟರಿ ಇಲ್ಲ. ಹೋಟೆಲಿನ ಒಳಗೇ ತಾಮ್ರದ್ದೋ ಸ್ಟೀಲಿನದೋ ಹಂಡೆ ಇಟ್ಟು ಅಲ್ಲೇ ಬಿಯರ್ ಕುದಿಸಿ, ಹುಳಿ ಬರಿಸಿ, ಅಲ್ಲೇ ಲೋಟಕ್ಕೆ ಬಿಡ್ತಾರೆ. ಸೀಸೆಗೆ ತುಂಬಿ ಊರೂರಿಗೆ ಕಳಿಸೋ ಬಾಬತ್ತಲ್ಲ. ಇಂದಿರಾನಗರದ ಟಾಯ್ಟ್ ಶುರುವಾಗಿದ್ದು 2010ರಲ್ಲಿ, ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್ 2011ರಲ್ಲಿ. ಆಮೇಲೆ ಬೆಂಗಳೂರಲ್ಲಿ ಇಂಥವು ಅಣಬೆ ಎದ್ದಂಗೆ ಎದ್ದವು. ಬಾಸುಮತಿ ಅಕ್ಕಿ ಹಾಕಿದ್ದು, ಕಾಫಿ ಹಾಕಿದ್ದು, ಮಾವಿನಹಣ್ಣು ಹಾಕಿದ್ದು, ತರಾವರಿ. ಒಂದು ಲೋಟಕ್ಕೆ ಮುನ್ನೂರು ರೂಪಾಯಿ ಆಸುಪಾಸು, ಕೆಲವು ಕಡೆ ಇನ್ನೂ ಜಾಸ್ತಿ. 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅಂದ್ರೆ ಅವನ ಒಂದು ಲೋಟಕ್ಕೆ ಇಲ್ಲಿ ಹೆಚ್ಚುಕಮ್ಮಿ ಒಂದು ದಿನ ಬದು ತೋಡಬೇಕು.

ಹಂಗಾದ್ರೆ ನಮ್ಮ ಕಡೆ ಸಿಗೋದು ಏನು? ಅದನ್ನ ತಿಳಿಯೋಕೆ ಬಾರಿಗೆ ಹೋಗಬೇಕಿಲ್ಲ, ಕೆರೆ ಏರಿ ಮೇಲೆ ಬೆಳಿಗ್ಗೆ ನಡೆದರೆ ಸಾಕು. ಕಡೂರಿನ ಹತ್ತಿರದ ಒಂದು ಕೆರೆ ಏರಿ ಮೇಲೆ ನಾವು ಮೂರು ಜನ ಖಾಲಿ ಸೀಸೆ ಎತ್ತಿ ಎತ್ತಿ ಲೇಬಲ್ ಓದಿದೆವು. ದನ ಹೊಡ್ಕೊಂಡು ಹೋಗ್ತಿದ್ದ ಅಜ್ಜಿ ನಿಂತು ನೋಡಿ, “ಗುಜರಿ ವ್ಯಾಪಾರ ಹಿಡಿದ್ರೇನಪ್ಪ?” ಅಂತ ಕೇಳಿತು.

ಲೇಬಲ್ಲಿನಲ್ಲಿ ಅಕ್ಷರ ಸಣ್ಣ, ಕಥೆ ದೊಡ್ಡದು.

ಕಿಂಗ್‌ಫಿಷರ್‌ನೇ ತಗೊಳ್ಳಿ. ಇದು ಕರ್ನಾಟಕದ ಬಿಯರ್ ಅಂತ ನಮಗೆ ಯಾವತ್ತೂ ಅನುಮಾನ ಇರಲಿಲ್ಲ. ಯುನೈಟೆಡ್ ಬ್ರೂವರೀಸ್ ಕಂಪನಿ ಕಟ್ಟಿದ್ದು ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವನು, 1915ರಲ್ಲಿ, ದಕ್ಷಿಣ ಭಾರತದ ಐದು ಬ್ರೂವರಿಗಳನ್ನ ಒಂದು ಮಾಡಿ. 1947ರಲ್ಲಿ ವಿಠ್ಠಲ್ ಮಲ್ಯ ಅದರ ನಿರ್ದೇಶಕರಾದರು, ಹಂಗೆ ಅದು ನಮ್ಮವರ ಕೈಗೆ ಬಂತು. ಮಗ ವಿಜಯ್ ಮಲ್ಯ ಕಾಲಕ್ಕೆ ವಿಮಾನದ ಮೇಲೂ ಅದೇ ಹಕ್ಕಿ, ಕ್ರಿಕೆಟ್ಟಿನಲ್ಲೂ ಅದೇ ಹಕ್ಕಿ. 2016ರಲ್ಲಿ ಅವರು ದೇಶ ಬಿಟ್ಟರು. ಸಾಲದ ಲೆಕ್ಕದಲ್ಲಿ ಶೇರು ಮಾರಾಟಕ್ಕೆ ಬಂದಾಗ 2021ರಲ್ಲಿ ನೆದರ್‌ಲ್ಯಾಂಡಿನ ಹೈನೆಕೆನ್ ಕಂಪನಿ ತನ್ನ ಪಾಲನ್ನ ಅರವತ್ತು ಪರ್ಸೆಂಟ್ ದಾಟಿಸ್ಕೊಂಡಿತು. ಹೆಡ್ ಆಫೀಸು ಈಗಲೂ ಬೆಂಗಳೂರಲ್ಲೇ ಇದೆ, ಬಿಯರ್ ತಯಾರಾಗೋದೂ ನಂಜನಗೂಡು, ನೆಲಮಂಗಲದ ಕಡೆಯೇ. ಯಜಮಾನ ಮಾತ್ರ ಆಮ್‌ಸ್ಟರ್‌ಡ್ಯಾಂನಲ್ಲಿ.

ನಾಕೌಟ್‌ದು ಇನ್ನೂ ಮಜಾ. ನಮ್ಮ ಕಡೆ ಲಾರಿ ಡ್ರೈವರುಗಳಿಗೆ, ಅಡಿಕೆ ಸುಲಿಯೋ ಹುಡುಗರಿಗೆ ಅದು ಮನೆ ಸಾಮಾನು ಇದ್ದಂಗೆ. ಅದನ್ನ ಮಾಡ್ತಿದ್ದದ್ದು ಮೈಸೂರ್ ಬ್ರೂವರೀಸ್. ಹೆಸರಲ್ಲೇ ಮೈಸೂರು. 2001ರಲ್ಲಿ ದಕ್ಷಿಣ ಆಫ್ರಿಕಾದ ಕಂಪನಿ ಅದನ್ನ ಕೊಂಡಿತು. 2016ರಲ್ಲಿ ಆ ಕಂಪನಿಯನ್ನೇ ಬೆಲ್ಜಿಯಂನ ಎಬಿ ಇನ್‌ಬೆವ್ ನುಂಗಿತು. ಹೇವರ್ಡ್ಸ್ ಕೂಡ ಅದೇ ಹೊಟ್ಟೆಯೊಳಗೆ ಹೋಯ್ತು. ಬಡ್‌ವೈಸರ್ ಮೊದಲೇ ಅವರದ್ದು. ಹಂಗಾಗಿ ಬಾರಿನಲ್ಲಿ ಒಬ್ಬ “ಬಡ್‌ವೈಸರ್ ಫಾರಿನ್ದು, ಬೇಡ, ನಮ್ಮ ನಾಕೌಟೇ ಕೊಡಿ” ಅಂದ್ರೆ ದುಡ್ಡು ಹೋಗೋದು ಒಂದೇ ಗಲ್ಲಾಕ್ಕೆ. ಟ್ಯೂಬೋರ್ಗ್ ತಗೊಂಡ್ರೆ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್.

ಏರಿ ಮೇಲೆ ಪವರ್ ಕೂಲ್ ಸೀಸೆನೂ ಸಿಕ್ಕಿತು. ಅದು ಪಕ್ಕದ ಹಾಸನದ ಫ್ಯಾಕ್ಟರಿದು ಅಂತ ಗೊತ್ತಿತ್ತು, “ಬಂತು ನೋಡಿ ಲೋಕಲ್” ಅಂದ್ಕೊಂಡ್ವಿ. ಹಾಸನದ ಆ ಫ್ಯಾಕ್ಟರಿ ಸೋಮ್ ಡಿಸ್ಟಿಲರೀಸ್ ಅನ್ನೋ ಕಂಪನಿದು, ಅದರ ಮೂಲ ಭೋಪಾಲ್. ವಿದೇಶದ್ದಲ್ಲ ಅನ್ನೋದು ನಿಜ. ನಮ್ಮದಾ? ನಮ್ಮೂರ ಹುಡುಗನಿಗೆ ಅಲ್ಲಿ ಕೆಲಸ ಸಿಕ್ಕಿದ್ರೆ ನಮ್ಮದು ಅನ್ನಬಹುದೇನೋ.

ಒಂದು ಸೀಸೆ ಬಿಯರಿನಲ್ಲಿ ನಮ್ಮ ಮಣ್ಣಿನದು ಏನಿದೆ ಅಂತ ಲೆಕ್ಕ ಹಾಕಿದ್ವಿ. ಬಾರ್ಲಿ ರಾಜಸ್ಥಾನ, ಹರಿಯಾಣ, ಉತ್ತರ ಪ್ರದೇಶದ ಕಡೆಯದು. ಕಹಿ ಬರೋಕೆ ಹಾಕೋ ಹಾಪ್ಸ್ ಹೂವು ಬಹುಪಾಲು ಹೊರದೇಶದ್ದು. ನೀರು ಮಾತ್ರ ಕರ್ನಾಟಕದ್ದು, ಅದೂ ಒಂದು ಲೀಟರ್ ಬಿಯರಿಗೆ ಮೂರ್ನಾಲ್ಕು ಲೀಟರ್. ತೆರಿಗೆ ನಮ್ಮ ಸರ್ಕಾರದ್ದು. 2023ರ ಜುಲೈ ಬಜೆಟ್ಟಿನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಸುಂಕ 175 ಪರ್ಸೆಂಟಿಂದ 185ಕ್ಕೆ ಏರಿತು. ಯಾವ ಕಂಪನಿ ಸೀಸೆಯಾದ್ರೂ ಮೊದಲು ರಾಜ್ಯ ಪಾನೀಯ ನಿಗಮದ ಡಿಪೋಗೆ ಬಂದೇ ಅಂಗಡಿಗೆ ಹೋಗಬೇಕು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಇಟ್ಟ ಗುರಿ 40,000 ಕೋಟಿ. ಇನ್ನು ಊರಲ್ಲಿ ಉಳಿಯೋದು ಬಾರಿನ ಸಪ್ಲೈಯರ್ ಹುಡುಗನ ಸಂಬಳ, ಎದುರಿಗೆ ಎಗ್ ರೈಸ್ ಗಾಡಿಯವನ ವ್ಯಾಪಾರ, ಸೀಸೆ ಆಯೋ ಗುಜರಿಯವರ ಚಿಲ್ಲರೆ. ಗುಜರಿಯವರಿಗೆ ಹೈನೆಕೆನ್ನೂ ಒಂದೇ, ಭೋಪಾಲೂ ಒಂದೇ, ಒಡೆದಿರಬಾರದು ಅಷ್ಟೇ.

ಇಷ್ಟಾದ ಮೇಲೆ ಗೆಳೆಯನಿಗೆ ಫೋನ್ ಹಚ್ಚಿದ್ವಿ. ನಿಮ್ಮ ಬ್ರೂವರಿಗೂ ಬಾರ್ಲಿ, ಹಾಪ್ಸ್ ಬರೋದು ಹೊರಗಿಂದಾನೇ ಅಲ್ವೇನೋ ಅಂದ್ವಿ. ಹೌದು ಅಂತ ಒಪ್ಪಿಕೊಂಡ. “ಆದ್ರೆ ಮಾಡೋನು ಯಾರು ಅಂತ ಗೊತ್ತಿರುತ್ತೆ. ಇವತ್ತು ಕೆಟ್ಟಿದೆ ಅಂದ್ರೆ ಒಳಗೆ ಹೋಗಿ ಅವನನ್ನೇ ಕೇಳಬಹುದು” ಅಂದ. ಈ ಮಾತು ನಮಗೆ ಸರಿ ಅನ್ನಿಸಿತು. ರುಚಿ ಪಚಿ ಎಲ್ಲ ಆಮೇಲೆ, ಕುಡಿಯೋ ವಸ್ತು ಮಾಡಿದವನ ಮುಖ ಗೊತ್ತಿರಬೇಕು ಅನ್ನೋದು ದೊಡ್ಡ ವಿಷಯ.

ಅದೇ ಲೆಕ್ಕ ಹಿಡಿದರೆ ನಮ್ಮ ಮೂರು ತಾಲ್ಲೂಕಿನಲ್ಲೂ ಲೋಕಲ್ ಬ್ರೂವರಿ ಇತ್ತು. ಮರದ ಮೇಲಿತ್ತು.

ಬಯಲಿನ ಕಡೆ ಈಚಲು ಮರ, ತೋಟದಲ್ಲಿ ತೆಂಗು. ತೆಂಗಿನ ಹೊಂಬಾಳೆ ಬಿರಿಯೋ ಮೊದಲೇ ಕಟ್ಟಿ, ದಿನಾ ತುದಿ ಸವರಿ, ಮಡಕೆ ಸಿಕ್ಕಿಸಿದರೆ ರಸ ತೊಟ್ಟಿಕ್ಕುತ್ತೆ. ಮಡಕೆ ಒಳಗೆ ಸುಣ್ಣ ಬಳಿದು ಬಿಸಿಲೇರೋ ಮೊದಲು ಇಳಿಸಿದ್ರೆ ಅದು ನೀರಾ, ಬರೀ ಸಿಹಿ. ಹಂಗೇ ಬಿಟ್ರೆ ಗಾಳಿಯಲ್ಲಿರೋ ಹುಳಿಯೇ ಸಾಕು, ಕೆಲವೇ ಗಂಟೆಯಲ್ಲಿ ನೊರೆ ಎದ್ದು ಹೆಂಡ ಆಗುತ್ತೆ. ಮಾಲ್ಟ್ ಬೇಡ, ಹಾಪ್ಸ್ ಬೇಡ, ಕರೆಂಟ್ ಬೇಡ. ಅಮಲು ಮಾಮೂಲಿ ಬಿಯರಿನ ಆಸುಪಾಸು, ಸ್ಟ್ರಾಂಗ್ ಬಿಯರಿಗಿಂತ ಕಡಿಮೆನೇ. ಇಳಿಸ್ತಿದ್ದವರು ಬಹುಪಾಲು ಈಡಿಗರು. ಯಾವ ಮರ, ಯಾರ ತೋಟ, ಇಳಿಸಿದವರು ಯಾರು ಅಂತ ಊರಿಗೆಲ್ಲ ಗೊತ್ತಿರ್ತಿತ್ತು.

ಹೆಂಡದಂಗಡಿ ಏನು ದೇವಸ್ಥಾನ ಆಗಿರಲಿಲ್ಲ, ಅದನ್ನೂ ಹೇಳಬೇಕು. ಮರದಿಂದ ಇಳಿದಿದ್ದಕ್ಕಿಂತ ಮಾರಿದ್ದೇ ಜಾಸ್ತಿ ಆದಾಗ ಕ್ಲೋರಲ್ ಹೈಡ್ರೇಟ್ ಬೆರೆಸೋ ದಂಧೆ ಶುರುವಾಯ್ತು. ಅದು ನಿದ್ದೆ ಬರಿಸೋ ರಾಸಾಯನಿಕ, ಕುಡಿದವರ ನರ ಹಾಳು ಮಾಡ್ತು. ಆ ಕಾರಣ ಮುಂದಿಟ್ಟೇ ಸರ್ಕಾರ ಹೆಂಡ ನಿಲ್ಲಿಸಿತು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮಾತ್ರ ಬಿಟ್ಟಿತು. ಘಟ್ಟದ ಕೆಳಗೆ ಅದು ಶೇಂದಿ ಅಂಗಡಿ, ಘಟ್ಟದ ಮೇಲೆ ಕೇಸು.

ನೀರಾ ವಿಷಯದಲ್ಲಂತೂ ಜೀವವೇ ಹೋಗಿದೆ. ತೊಂಬತ್ತರ ದಶಕದ ಕೊನೆಗೆ ತೆಂಗಿಗೆ ನುಸಿ ರೋಗ ಬಿತ್ತಲ್ಲ, ಕಾಯಿ ಸೊಟ್ಟಗಾಗಿ ಕೈಗೆ ಬರದಂಗಾಗಿದ್ದು ನಮ್ಮ ಕಡೆ ತೋಟದವರಿಗೆಲ್ಲ ನೆನಪಿದೆ. ಕಾಯಿ ಇಲ್ಲದಿದ್ರೆ ನೀರಾನಾದ್ರೂ ಇಳಿಸ್ತೀವಿ ಅಂತ ರೈತರು ಬೀದಿಗಿಳಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ರೈತರು ಸತ್ತರು. ತಮ್ಮ ಮರದ ರಸ ತಾವು ಇಳಿಸ್ತೀವಿ ಅಂದಿದ್ದಕ್ಕೆ. ಅದಾಗಿ ಎಷ್ಟೋ ವರ್ಷಕ್ಕೆ ನೀರಾಗೆ ಅವಕಾಶ ಕೊಟ್ಟರು, ಅದೂ ತೆಂಗು ಬೆಳೆಗಾರರ ಕಂಪನಿ, ಲೈಸೆನ್ಸು, ತಣ್ಣಗಿಡೋ ಪೆಟ್ಟಿಗೆ ಅಂತ ನೂರೆಂಟು ಷರತ್ತು ಹಾಕಿ. ನಮ್ಮ ತಾಲ್ಲೂಕುಗಳಲ್ಲಿ ಎರಡೆಕರೆ ತೋಟದವನು ಅದರ ತಂಟೆಗೆ ಹೋಗಿದ್ದು ನಾವು ಕಂಡಿಲ್ಲ.

ಸಾರಾಯಿ ನಿಂತಿದ್ದು 2007ರ ಜುಲೈ 1ಕ್ಕೆ, ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಉಪಮುಖ್ಯಮಂತ್ರಿ ಆಗಿದ್ದಾಗ. ಕುಡಿಯೋರು ನಿಲ್ಲಲಿಲ್ಲ. ಸಾರಾಯಿ ಪ್ಯಾಕೆಟ್ ಜಾಗಕ್ಕೆ ತೊಂಬತ್ತು ಎಂಎಲ್ ವಿಸ್ಕಿ ಪ್ಯಾಕೆಟ್ ಬಂತು. ಹಳ್ಳಿಯಲ್ಲಿ ಬಿಯರಿಗಿಂತ ಇದೇ ಜಾಸ್ತಿ ಹೋಗೋದು. ತರೀಕೆರೆ ಕಡೆಯ ಒಂದು ಊರಲ್ಲಿ ಕಿರಾಣಿ ಅಂಗಡಿಯಲ್ಲಿ ಅಕ್ಕಿ ಮೂಟೆ ಹಿಂದೆ ಪ್ಯಾಕೆಟ್ ಇಟ್ಟು ಮಾರ್ತಾರೆ ಅಂತ ಸ್ತ್ರೀಶಕ್ತಿ ಸಂಘದವರು ಅರ್ಜಿ ಹಿಡಿದು ನಿಂತಿದ್ದರು. ಸುದ್ದಿ ಮಾಡೋಕೆ ಹೋದವರು ಇದನ್ನೂ ಕೇಳಿದ್ವಿ: ಅಕ್ಕ, ಇದರಲ್ಲಿ ಯಾವುದು ನಮ್ಮ ರಾಜ್ಯದ್ದು, ಯಾವುದು ಹೊರಗಿನ ಕಂಪನಿದು ಅಂತ ಗೊತ್ತಾ?

ಆಯಕ್ಕ ನಮ್ಮ ಮುಖ ನೋಡಿತು. “ಯಾವ ಕಂಪನಿದಾದ್ರೇನಣ್ಣ, ನಮ್ಮನೇರು ಬೆಳಗ್ಗೆ ಆರಕ್ಕೇ ಎದ್ದು ಹೋಗ್ತಾರೆ. ಮೊದ್ಲು ಇದಕ್ಕೆ ಅಜ್ಜಂಪುರಕ್ಕೋ ತರೀಕೆರೆಗೋ ಹೋಗಬೇಕಿತ್ತು, ಬಸ್ ಚಾರ್ಜ್ ಇಲ್ದೆ ವಾರಕ್ಕೆ ನಾಲ್ಕು ದಿನ ಸುಮ್ನಿರೋರು. ಈಗ ಮನೆ ಎದುರಿಗೇ ಬಂತಲ್ಲ.”

ಅಂದ್ರೆ ಆಯಕ್ಕನಿಗೆ ಲೋಕಲ್ ಅನ್ನೋದೇ ತೊಂದರೆ. ಎಷ್ಟು ಹತ್ತಿರ ಬಂತೋ ಅಷ್ಟು ಕಷ್ಟ. ಬೆಂಗಳೂರಿನ ಗೆಳೆಯನ ತಕ್ಕಡಿಯಲ್ಲಿ ಈ ಕಲ್ಲು ಇಡೋ ಜಾಗವೇ ಇಲ್ಲ. ನಮಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಹಂಗಂತ ಈಗಿರೋ ವ್ಯವಸ್ಥೆ ಆಯಕ್ಕನ ಪರವಾಗಿದೆ ಅಂತಲೂ ಅಲ್ಲ. ಕುಡಿತ ಕೆಟ್ಟದ್ದು ಅಂತ ಮರ ಹತ್ತೋನನ್ನ ಇಳಿಸಿದ್ರು. ಸಾರಾಯಿ ನಿಲ್ಲಿಸಿದ್ರು. ಆದರೆ ಡಿಪೋದಿಂದ ಬರೋದು ವರ್ಷಾ ವರ್ಷ ಜಾಸ್ತಿ ಹೋಗಲಿ ಅಂತ ಗುರಿ ಏರಿಸ್ತಾನೇ ಬಂದ್ರು. ನಮಗೆ ಕಾಣೋ ಹಂಗೆ ಇಲ್ಲಿ ತಪ್ಪು ಅನ್ನಿಸಿಕೊಂಡಿದ್ದು ಅಮಲಲ್ಲ, ಬಿಲ್ ಇಲ್ಲದ ಅಮಲು. ಬೆಂಗಳೂರಲ್ಲಿ ಕೋಟಿ ಸುರಿದು ಹಂಡೆ ಇಟ್ಟವನಿಗೆ ಅವನು ಸಣ್ಣವನು ಅಂತ ಬೇರೆ ಲೈಸೆನ್ಸು, ಬೇರೆ ನಿಯಮ ಮಾಡಿದ್ದಾರೆ. ಹತ್ತು ಮರ ಇಟ್ಟವನು ಅವನಿಗಿಂತ ಸಣ್ಣವನು. ಕಲಬೆರಕೆ ಹಿಡಿಯೋಕೆ ಅಲ್ಲಿ ಸಾಧ್ಯ ಆದ್ರೆ ಇಲ್ಲೂ ಆಗಬೇಕು. ಮಾರೋಕೆ ಸಮಯ, ಅಳತೆ, ಎಷ್ಟು ಮರ ಅಂತ ಕಟ್ಟು ಹಾಕಬಹುದು. ಸ್ತ್ರೀಶಕ್ತಿ ಸಂಘದವರನ್ನ ಕೇಳಿಯೇ ಹಾಕಬಹುದು, ಬೇಡ ಅಂದ ಊರಿಗೆ ಬೇಡ.

ಅಜ್ಜಂಪುರದ ಕಡೆ ಹಿಂದೆ ಹೆಂಡ ಇಳಿಸ್ತಿದ್ದ ಒಬ್ಬ ಅಜ್ಜನನ್ನ ಮಾತಾಡಿಸಿದ್ವಿ. ಈಗ ಅಡಿಕೆ ತೋಟದಲ್ಲಿ ಕಾವಲು. ಪಾದದ ಮೇಲೆ ತಳೆ ಹಗ್ಗದ ಗುರುತು ಇನ್ನೂ ಇದೆ. ಬಿಯರ್ ಕುಡಿದಿದ್ದೀಯಾ ಅಜ್ಜ ಅಂದ್ರೆ, “ಒಂದ್ಸಲ ಮೊಮ್ಮಗ ಕೊಡಿಸಿದ್ದ. ತಣ್ಣಗಿತ್ತು” ಅಂದರು, ಅಷ್ಟೇ. ಮರದ ಬಗ್ಗೆ ಕೇಳಿದ್ರೆ ಅರ್ಧ ಗಂಟೆ ನಿಲ್ಲಿಸಲಿಲ್ಲ. ಯಾವ ಈಚಲು ಸಿಹಿ, ಯಾವುದು ಒಗರು, ಮಳೆಗಾಲದ ರಸ ಯಾಕೆ ತೆಳುವು, ಹೊಂಬಾಳೆಗೆ ಎಷ್ಟು ಏಟು ಹಾಕಿದ್ರೆ ಅದು ನೊಂದುಕೊಳ್ಳದೆ ಬಿಡುತ್ತೆ, ಎಲ್ಲ ಹೇಳಿದರು. ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದೀವಿ. ಕೇಸ್ ಗೀಸ್ ಆಗುತ್ತಾ ತಮ್ಮ ಅಂತ ನಡುವೆ ಎರಡು ಸಲ ಕೇಳಿದರು. ಹೆಸರು ಹಾಕಲ್ಲ ಅಂತ ಹೇಳಿ ಬಂದ್ವಿ, ಹಾಕಿಲ್ಲ.

ನಿಮ್ಮೂರಲ್ಲೂ ಇಂಥ ಹಳೇ ತಲೆ ಯಾರಾದ್ರೂ ಇದ್ರೆ ತಿಳಿಸಿ. ಅಡಿಕೆ ಸುಗ್ಗಿ ಶುರುವಾಗೋ ಮೊದಲು ಬೈಕ್ ಹಾಕ್ಕೊಂಡು ಬರ್ತೀವಿ, ಅವರದ್ದೂ ಕೇಳ್ಕೊಂಡು ಬರೆದಿಡಬೇಕು.