ಮೊದಲು ಇಟ್ಟವನದು ಕೊನೆಗೆ

ಕಾರಟಗಿಯ ರೈಸ್ ಮಿಲ್ಲುಗಳಲ್ಲಿ ಪೇರಿಸಿದ ಚೀಲ ನೋಡಿದವರಿಗೆ 'ಮ್ಯಾಜಿಕ್: ದ ಗ್ಯಾದರಿಂಗ್' ಕಷ್ಟವೇನಲ್ಲ. ರಿಚರ್ಡ್ ಗಾರ್ಫೀಲ್ಡ್‌ನ ಈ ಕಾರ್ಡಾಟ ಬಂದಿದ್ದು 1993ರಲ್ಲಿ. ಅದಕ್ಕೆ 'ಸ್ಟ್ಯಾಕ್' ಸೇರಿದ್ದು 1999ರಲ್ಲಿ. ಕೊನೆಗೆ ಇಟ್ಟಿದ್ದು ಮೊದಲು ಇಳಿಯುತ್ತೆ, ಅಷ್ಟೇ. (ಡೇಟಾ ಸ್ಟ್ರಕ್ಚರ್ಸ್ ಓದಿದವರು ನಗಬೇಡಿ :-))

ಊರಲ್ಲಿ ಅಕ್ಕನ ಮಗನ ಜೊತೆ ಆಡ್ತಿದ್ದೆ. ಇಬ್ಬರಿಗೂ ಒಂದೊಂದೇ ಜೀವ ಉಳಿದಿತ್ತು. 'ಇದು ಸತ್ತರೆ ಎದುರಾಳಿಗೆ ಒಂದು ಜೀವ ಕಳೆಯುತ್ತೆ' ಅನ್ನೋ ಕಾರ್ಡು ಇಬ್ಬರ ಹತ್ರಾನೂ ಇತ್ತು. ಅವನ ಸರದಿ, ಅವನೇ ದಾಳಿ ಮಾಡಿದ, ಎರಡೂ ಒಟ್ಟಿಗೇ ಸತ್ತವು.

"ಸರದಿ ನಂದು, ನಂದ ಮೊದ್ಲು ಮಾಮಾ!" ಅಂದ.

ಹೌದು, ಸ್ಟ್ಯಾಕಿನಲ್ಲಿ ಇಡೋದು ಸರದಿಯವನದೇ ಮೊದಲು. ಅದಕ್ಕೇ ನನ್ನದು ಅದರ ಮೇಲೆ ಕೂತು ಮೊದಲು ಇಳಿಯಿತು. ಅವನ ಜೀವ ಸೊನ್ನೆ, ಅವನ ಚೀಲ ಇಳಿಯೋಕೆ ಮುಂಚೆ ಆಟ ಖಲಾಸ್. ಎರಡು ದಿನ ಮಾತಿಲ್ಲ.

ನನಗೇನೋ ಈ ನಿಯಮ ನ್ಯಾಯವೇ ಅನ್ಸುತ್ತೆ, ಹೊತ್ತು ಆರಿಸಿದವನು ಅವನೇ ತಾನೆ? ಈಗ ಅವನು ಅಂಥ ಕಾರ್ಡು ಹಿಡಿದು ನನ್ನ ಸರದಿಗೆ ಕಾಯ್ತಾನೆ.