ಬರುವ ಕಾಲದ ಸಭೆಗೆ ಹಳೆಯ ಕಾಲದ ಹಾದಿ

2019ನೆಯ ಇಸವಿ ಆಗಸ್ಟ್ 15ರಿಂದ 19ರ ವರೆಗೆ ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ ನಗರದಲ್ಲಿ ಜಾಗತಿಕ ವಿಜ್ಞಾನಕಥಾ ಸಮ್ಮೇಳನವು ನೆರೆಯಿತು. 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲಾದ ಪರಂಪರೆಯಲ್ಲಿ ಅದು 77ನೆಯದು. ಆ ದ್ವೀಪಕ್ಕೆ ಮೊದಲನೆಯದು. ಗ್ರಹಾಂತರಯಾನ, ಯಂತ್ರಮಾನವ, ಮುಂದಣ ಶತಮಾನಗಳು, ಇವೇ ಅಂತಹ ಸಭೆಯ ಮಾತುಕತೆಯ ವಿಷಯಗಳು. ಆದರೆ ಅಲ್ಲಿಗೆ ಹೊರಟ ಯಾತ್ರಿಕನು ನಾಲ್ಕಾರು ದಿನ ಮುಂಚಿತವಾಗಿಯೇ ಹೋಗಿ ಆ ನಾಡನ್ನು ಸುತ್ತಿ ಬರುವುದು ಲೇಸು. ಕ್ಷೇತ್ರಕ್ಕೆ ಹೋದವರು ತೀರ್ಥಸ್ನಾನವನ್ನು ಮುಗಿಸಿಯೇ ಗರ್ಭಗುಡಿಯ ಮುಂದೆ ನಿಲ್ಲುವರಷ್ಟೆ.

ಡಬ್ಲಿನ್ನಿನ ಉತ್ತರಕ್ಕೆ ಬಾಯ್ನ್ ನದಿಯ ಕಣಿವೆಯಲ್ಲಿ ನ್ಯೂಗ್ರೇಂಜ್ ಎಂಬ ಸಮಾಧಿಯ ದಿಬ್ಬವುಂಟು. ಕ್ರಿಸ್ತಪೂರ್ವ 3200ರ ಸುಮಾರಿನಲ್ಲಿ ಕಟ್ಟಲ್ಪಟ್ಟ ಇದು ಈಜಿಪ್ಟಿನ ಗೀಝಾ ಪಿರಮಿಡ್ಡುಗಳಿಗಿಂತಲೂ ಹಿರಿಯದು. ಸುಮಾರು 19 ಮೀಟರು ಉದ್ದದ ಇಕ್ಕಟ್ಟಾದ ಕಲ್ಲಿನ ಓಣಿಯಲ್ಲಿ ಬಗ್ಗಿ ನಡೆದರೆ ಒಳಗಣ ಕೋಣೆ ಸಿಗುವುದು. ಬಾಗಿಲಿನ ಮೇಲ್ಗಡೆ ಒಂದು ಕಿಂಡಿ. ವರ್ಷವೆಲ್ಲ ಕತ್ತಲೆಯಲ್ಲಿರುವ ಆ ಕೋಣೆಗೆ, ದಕ್ಷಿಣಾಯನವು ಮುಗಿಯುವ ಡಿಸೆಂಬರ್ 21ರ ಆಸುಪಾಸಿನ ಕೆಲವು ದಿನ ಮಾತ್ರ, ಉದಯಸೂರ್ಯನ ಕಿರಣವು ಈ ಕಿಂಡಿಯಿಂದ ಹರಿದು ಬಂದು ಸುಮಾರು 17 ನಿಮಿಷ ನಿಂತು ಹೋಗುತ್ತದೆ. 1967ರಲ್ಲಿ ಉತ್ಖನನಕಾರ ಮೈಕೇಲ್ ಓಕೆಲ್ಲಿಯವರು ಒಳಗೆ ಕಾದಿದ್ದು ಇದನ್ನು ಕಂಡರು. ಆಗಸ್ಟಿನಲ್ಲಿ ಹೋದವನಿಗೆ ವಿದ್ಯುದ್ದೀಪದಿಂದ ಅದರ ಅನುಕರಣವನ್ನು ತೋರಿಸುವರು. ಅಷ್ಟಕ್ಕೇ ಮೈ ನವಿರೇಳುವುದು. ಲಿಪಿಯನ್ನೂ ಲೋಹವನ್ನೂ ಅರಿಯದ ಜನರು ಅಯನಸಂಧಿಯನ್ನು ಗುರುತಿಸಿ, ಸತ್ತವರ ಮನೆಗೆ ಬೆಳಕಿನ ಹಾದಿಯನ್ನು ಮಾಡಿಟ್ಟರು. ತಾವಿಲ್ಲದ ವರ್ಷಗಳಲ್ಲಿಯೂ ಸೂರ್ಯನು ಇದೇ ಕಿಂಡಿಗೆ ಬರುವನೆಂಬ ನಂಬಿಕೆಯಿಲ್ಲದೆ ಇಂತಹ ಕೆಲಸವನ್ನು ಯಾರು ತಾನೆ ಕೈಗೊಂಡಾರು?

ಆ ನಾಡಿನ ಕಥೆಗಳೂ ಕಾಲವನ್ನು ಕುರಿತವೇ. ವೀರನಾದ ಉಷೀನನು ನೀವ್ ಎಂಬ ದಿವ್ಯಕನ್ಯೆಯೊಡನೆ ಕುದುರೆಯೇರಿ ಕಡಲಾಚೆಯ ತೀರ್ ನ ನೋಗ್ ಎಂಬ ಚಿರಯೌವನದ ನಾಡಿಗೆ ಹೋದನು. ಕೆಲವೇ ವರ್ಷಗಳೆಂದು ಬಗೆದು ಹಿಂದಿರುಗಿ ನೋಡಲು, ಇಲ್ಲಿ ಮುನ್ನೂರು ವರ್ಷಗಳು ಕಳೆದಿದ್ದವು. ಕುದುರೆಯಿಂದ ಜಾರಿ ನೆಲವನ್ನು ಮುಟ್ಟಿದೊಡನೆ ಅವನು ಹಣ್ಣು ಹಣ್ಣು ಮುದುಕನಾದನು. ಇದನ್ನು ಕೇಳಿದಾಗ ಭಾಗವತವನ್ನು ಓದಿದವರಿಗೆ ರೈವತನ ನೆನಪಾಗದೆ ಇರದು. ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋದ ಆ ಅರಸನು, ಗಂಧರ್ವರ ಗಾನ ಮುಗಿಯಲೆಂದು ಕ್ಷಣಕಾಲ ನಿಂತನು. ಅಷ್ಟರಲ್ಲಿ ಭೂಲೋಕದಲ್ಲಿ ಇಪ್ಪತ್ತೇಳು ಚತುರ್ಯುಗಗಳು ಉರುಳಿದ್ದವು. ಇಂದಿನ ವಿಜ್ಞಾನಕಥೆಗಾರರು ನಕ್ಷತ್ರಯಾನಿಯ ಬಾಯಿಂದ ಹೇಳಿಸುವ ವ್ಯಥೆಯೂ ಇದೇ: ಹೋದವನು ಬರಬಹುದು, ಆದರೆ ಅವನು ಬಿಟ್ಟುಹೋದ ಮನೆ ಅಲ್ಲಿರುವುದಿಲ್ಲ.

ನಾಡಿನ ನಡುಭಾಗದ ಬರ್ ಎಂಬ ಊರಿನಲ್ಲಿ ರಾಸ್ ಪ್ರಭುವಿನ ಕೋಟೆಯಿದೆ. ಮೂರನೆಯ ಪ್ರಭುವು 6 ಅಡಿ ಅಗಲದ ಲೋಹದರ್ಪಣವನ್ನು ಎರಕ ಹೊಯ್ಯಿಸಿ ದೂರದರ್ಶಕವನ್ನು ನಿಲ್ಲಿಸಿದನು. 1917ರ ವರೆಗೂ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡದಿರಲಿಲ್ಲ. 1845ರ ವಸಂತದಲ್ಲಿ ಆತನು ಅದರ ಮೂಲಕ ಒಂದು ನೀಹಾರಿಕೆಯು ಸುಳಿಯ ಆಕಾರದಲ್ಲಿರುವುದನ್ನು ಮೊದಲು ಕಂಡನು. ಅದೇ ವರ್ಷದ ಶರತ್ತಿನಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗಲಿತು. ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು; ಅಷ್ಟೇ ಜನ ಹಡಗು ಹತ್ತಿದರು. ಪ್ರಭುವು ಆಕಾಶವನ್ನು ಬಿಟ್ಟು ಹಸಿದವರ ಕಡೆಗೆ ತಿರುಗಬೇಕಾಯಿತು. ಬರಿಯ ಕಣ್ಣು ದೂರಕ್ಕೆ ಹೋದರೆ ಸಾಲದು, ಹತ್ತಿರದ್ದನ್ನೂ ಕಾಣಬೇಕೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೆ?

ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ದೇವಾಲಯದಲ್ಲಿ ಮಲಗಿರುವ ಜೊನಾಥನ್ ಸ್ವಿಫ್ಟನು ಇವೆರಡನ್ನೂ ಕಂಡವನು. 1726ರಲ್ಲಿ ಪ್ರಕಟವಾದ ಗಲಿವರನ ಪ್ರವಾಸಕಥೆಯಲ್ಲಿ ಹಾರುವ ದ್ವೀಪವನ್ನು ಕಲ್ಪಿಸಿ, ಮಂಗಳನಿಗೆ ಎರಡು ಚಂದ್ರರೆಂದು ಬರೆದನು. ಅವು ನಿಜವಾಗಿ ಗೋಚರಿಸಿದುದು 1877ರಲ್ಲಿ. ಅದೇ ಲೇಖನಿಯಿಂದ 1729ರಲ್ಲಿ, ತನ್ನ ನಾಡಿನ ಬಡವರ ಹಸಿವನ್ನು ಕುರಿತು ಎದೆಯನ್ನು ಇರಿಯುವ ವ್ಯಂಗ್ಯವು ಹೊರಟಿತು.

ಕ್ಷಾಮವು ಜನರೊಡನೆ ಭಾಷೆಯನ್ನೂ ಒಯ್ದಿತು. ಐರಿಷ್ ಭಾಷೆಯನ್ನಾಡುವ ಬಡವರೇ ಅನೇಕರು ಅದಕ್ಕೆ ತುತ್ತಾದರು. ಇಂದು ಆ ಭಾಷೆಯು ಸಂವಿಧಾನದಲ್ಲಿ ಮೊದಲನೆಯ ರಾಜ್ಯಭಾಷೆ. ದಾರಿಯ ಫಲಕಗಳಲ್ಲಿ ಮೇಲೆ ಅದು, ಕೆಳಗೆ ಇಂಗ್ಲಿಷು. ಆದರೆ ಬೀದಿಯಲ್ಲಿ ಕೇಳಿಬರುವುದು ಹೆಚ್ಚಾಗಿ ಕೆಳಗಿನದೇ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರು, ಇಂಗ್ಲಿಷ್ ಪದ್ಯಗಳನ್ನು ತಂದು ತೋರಿಸಿದ ತರುಣ ಕುವೆಂಪು ಅವರಿಗೆ ತಾಯ್ನುಡಿಯಲ್ಲಿಯೇ ಬರೆಯಿರೆಂದು ಹೇಳಿದ ಸಂಗತಿ ಕನ್ನಡಿಗರಿಗೆ ತಿಳಿದೇ ಇದೆ. ಆ ಬುದ್ಧಿವಾದದ ಬೆಲೆಯು ಅವರ ನಾಡನ್ನು ಕಂಡವರಿಗೆ ಇನ್ನಷ್ಟು ಮನವರಿಕೆಯಾಗುವುದು.

ಸಮ್ಮೇಳನದ ಭವನವಿರುವುದು ಲಿಫಿ ನದಿಯ ಉತ್ತರದ ದಂಡೆಯಲ್ಲಿ. ಅದೇ ದಂಡೆಯ ಮೇಲೆ, ಅಲ್ಲಿಗೆ ಸ್ವಲ್ಪ ದೂರದಲ್ಲಿ, 1997ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಗಳಿವೆ: ಚಿಂದಿಯುಟ್ಟು, ಗಂಟನ್ನು ಎದೆಗವಚಿಕೊಂಡು ಹಡಗಿನ ಕಡೆಗೆ ನಡೆಯುತ್ತಿರುವ ಕ್ಷಾಮಪೀಡಿತರು. ಒಬ್ಬನ ಹೆಗಲ ಮೇಲೆ ಮಗುವೊಂದು ಜೋತುಬಿದ್ದಿದೆ. ಅವರು ಹೋದದ್ದೂ ಕಾಣದ ಲೋಕಕ್ಕೇ. ಆದರೆ ಬಯಸಿ ಹೋದವರಲ್ಲ. ಲೋಕಾಂತರಗಳ ಮಾತನ್ನು ಕೇಳಲು ಹೊರಟ ಯಾತ್ರಿಕನು ಒಂದು ಗಳಿಗೆ ಅವರ ಮುಂದೆ ನಿಂತು, ಆಮೇಲೆ ಸಭೆಯನ್ನು ಸೇರಲಿ.