ಜಾತ್ರೆಯಲ್ಲಿ ಜೋಡಿನ ಅಂಗಡಿ



ನಮ್ಮ ಭಾಗದ ಜಾತ್ರೆಗಳಿಗೆ ಹೋದವರು ಒಂದು ಸಂಗತಿಯನ್ನು ಗಮನಿಸಿರಬಹುದು. ತೇರಿನ ಬೀದಿಯ ಇಕ್ಕೆಲಗಳಲ್ಲಿ ಬಳೆ, ಬೆಂಡು ಬತ್ತಾಸು, ವಿಭೂತಿ, ಪ್ಲಾಸ್ಟಿಕ್ಕಿನ ಆಟಿಕೆ ಎಲ್ಲಕ್ಕೂ ಸ್ಥಳವಿರುತ್ತದೆ. ಕೈಯಿಂದ ಹೊಲಿದ ತೊಗಲಿನ ಜೋಡು ಮಾರುವವನನ್ನು ಕಾಣಬೇಕಾದರೆ ಮಾತ್ರ ಬೀದಿ ಮುಗಿದು, ದನ ಕಟ್ಟುವ ಬಯಲಿನವರೆಗೆ ನಡೆಯಬೇಕು.

ಹಿಂದಿನ ಜಾತ್ರೆಯಲ್ಲಿ ಅಂಥ ಬಯಲಿನಲ್ಲಿ ನಾವು ಬಹಳ ಹೊತ್ತು ನಿಂತೆವು. ನಾವು ಹಾವುಗೆ ಮೆಟ್ಟುವವರು, ಗಿರಾಕಿಯಲ್ಲ. ಆದುದರಿಂದಲೇ ನೋಡುವುದಕ್ಕೆ ಬಿಡುವಿತ್ತು. ಮಾರುತ್ತಿದ್ದವನು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯವನು. ಗೋಣಿತಟ್ಟಿನ ಮೇಲೆ ಇಪ್ಪತ್ತು ಜೊತೆಗಳಷ್ಟು ಜೋಡು ಹರಡಿದ್ದ. ಶುಭ್ರ ಧೋತರದ ಹಿರಿಯರೊಬ್ಬರು ಒಂದು ಜೊತೆಯನ್ನೆತ್ತಿ ಬೆಲೆ ಕೇಳಿದರು. “ಎಂಟುನೂರು ರೀ, ಯಜಮಾನರ” ಎಂದ. “ಮುನ್ನೂರು ಕೊಡ್ತೀನಿ” ಎಂದು ಅವರು ಜೋಡನ್ನು ಕೆಳಗೆಸೆದರು. ಪಕ್ಕದ ಅಂಗಡಿಯಲ್ಲಿ ಕಾರ್ಖಾನೆಯ ರಬ್ಬರು ಚಪ್ಪಲಿಗೆ ಬೆಲೆಯ ಚೀಟಿ ಅಂಟಿಸಿತ್ತು. ಅಲ್ಲಿ ಅದೇ ಹಿರಿಯರು ಚೀಟಿಯಲ್ಲಿದ್ದಷ್ಟನ್ನೂ ಎಣಿಸಿಕೊಟ್ಟು ಹೊರಟರು. ಅಚ್ಚಾದ ಅಂಕಿಯ ಮುಂದೆ ನಮಗೆ ಚೌಕಾಸಿಯ ನಾಲಿಗೆ ಏಳುವುದಿಲ್ಲ. ಎದುರಿಗೆ ಕುಳಿತ ಮನುಷ್ಯನ ಮಾತಿನ ಮುಂದೆ ಏಳುತ್ತದೆ. ಇದೇಕೆ ಹೀಗೆಂಬುದನ್ನು ನೀವೇ ಯೋಚಿಸಿರಿ.

ಆಮೇಲೆ ಬಂದವರು ಇಬ್ಬರು ತರುಣರು. “ಇದು ಕೊಲ್ಹಾಪುರಿ ಏನು?” ಎಂದರು. “ಅಲ್ರಿ, ನಾನೇ ಮಾಡಿದ್ದು” ಎಂದ. ಅವರು ಹೊರಟುಹೋದರು. ಹೌದೆಂದಿದ್ದರೆ ಏನಾಗುತ್ತಿತ್ತು ತಮ್ಮಾ, ಎಂದು ಕೇಳಿದೆವು. “ಮಾರಾಟ ಆಗ್ತಿತ್ತು, ಅಪ್ಪಾವರೇ. ಆದ್ರ ಬರೋ ವರ್ಷನೂ ಇಲ್ಲೇ ಬಂದು ಕೂಡಬೇಕಲ್ಲ” ಎಂದು ನಕ್ಕ.

ಆ ಹೆಸರಿನ ಹಿಂದೆ ಒಂದು ಕಥೆಯಿದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿ.ಐ. ಮುದ್ರೆ ದೊರೆಯಿತು. ಅದು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳಿಗೂ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಸಮಾನವಾಗಿ ಸಲ್ಲುತ್ತದೆ. ಹೆಸರು ಕೊಲ್ಹಾಪುರದ್ದಾದರೂ ಅಥಣಿ, ನಿಪ್ಪಾಣಿ ಸೀಮೆಯ ಮನೆಮನೆಗಳಲ್ಲಿ ಗಂಡಸರು ಅಟ್ಟೆ ಕತ್ತರಿಸುತ್ತ, ಹೆಂಗಸರು ಜಡೆ ಹೆಣೆಯುತ್ತ ಬಂದ ಕೆಲಸವದು. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಹೆಸರಾಂತ ಸಂಸ್ಥೆ ಇದೇ ಮಾದರಿಯ ಪಾದರಕ್ಷೆಗಳನ್ನು ಮೂಲದ ಹೆಸರೆತ್ತದೆ ಪ್ರದರ್ಶಿಸಿತು; ಇಲ್ಲಿ ಕೂಗೆದ್ದ ಮೇಲೆ ಭಾರತದ ಕುಶಲಕರ್ಮಿಗಳ ಋಣವನ್ನು ಒಪ್ಪಿಕೊಂಡಿತು. ಒಳ್ಳೆಯದೇ ಆಯಿತು. ಆದರೆ ಮುದ್ರೆಯ ಎಂಟು ಜಿಲ್ಲೆಗಳಲ್ಲಿ ಬೀದರ ಇಲ್ಲ. ಖಟಕ ಚಿಂಚೋಳಿಯವನು ಎಷ್ಟೇ ಚೆನ್ನಾಗಿ ಹೊಲಿದರೂ ಆ ಹೆಸರು ಅವನದಲ್ಲ. ಹೆಸರಿಲ್ಲದ ಸರಕನ್ನು ಕೊಳ್ಳುವವರಿಗೆ ಅದು ಎಂಟುನೂರಕ್ಕೆ ದುಬಾರಿ.

ದುಬಾರಿಯೇ? ಲೆಕ್ಕ ಹಾಕೋಣ. ಎಮ್ಮೆಯ ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆದು, ಜಾಲಿಯ ತೊಗಟೆ, ಅಳಲೆಕಾಯಿಗಳ ರಸದಲ್ಲಿ ವಾರಗಟ್ಟಲೆ ಹದಗೊಳಿಸಬೇಕು. ಹಿಂದೆ ಇದು ಹಳ್ಳಿಯ ಅಂಚಿನ ಕುಣಿಗಳಲ್ಲಿಯೇ ನಡೆಯುತ್ತಿತ್ತು. ತನ್ನ ತಂದೆಯ ಕಾಲಕ್ಕೇ ಆ ಕುಣಿಗಳು ಮುಚ್ಚಿದವು, ಈಗ ಹದಮಾಡಿದ ತೊಗಲನ್ನು ಕೈಯಿಂದ ಹಣ ಹಾಕಿ ವ್ಯಾಪಾರಿಯಿಂದ ತರಬೇಕು, ಜೋಡಿನ ಬೆಲೆಯ ಅರ್ಧ ಅಲ್ಲಿಗೇ ಹೋಗುತ್ತದೆ ಎಂದ. ಬಳಿಕ ಅಟ್ಟೆ ಕೊಯ್ದು, ನೆನೆಸಿ, ಬಡಿದು, ಮೊಳೆ ಹೊಡೆಯದೆ ತೊಗಲಿನ ಎಳೆಯಿಂದಲೇ ಹೊಲಿದು, ಉಂಗುಟ ಕೂರಿಸಿ, ಎಣ್ಣೆ ಸವರುವಲ್ಲಿ ಎರಡು ದಿನ. ಮಿಕ್ಕ ನಾಲ್ಕುನೂರರಲ್ಲಿ ಬಸ್ಸಿನ ಚಾರ್ಜು, ಜಾಗದ ಪಟ್ಟಿ ಕಳೆಯಿರಿ. ಎರಡು ದಿನದ ಕೂಲಿ ಎಷ್ಟು ಉಳಿಯಿತು?

ಅವನ ಅಜ್ಜನಿಗೆ ಈ ಚಿಂತೆಯಿರಲಿಲ್ಲ. ಎತ್ತಿಗೆ ಮಿಣಿ, ಬಾರುಕೋಲು, ಗೆಜ್ಜೆಯ ಕೊರಳಪಟ್ಟಿ, ಬಾವಿಯ ಕಪಿಲೆಗೆ ತೊಗಲಚೀಲ, ಒಕ್ಕಲಿಗನ ಕಾಲಿಗೆ ಕಿರಗುಟ್ಟುವ ಜೋಡು ಇವೆಲ್ಲ ಅವನ ಕೈಯಿಂದಲೇ ಆಗಬೇಕಿತ್ತು. ರಾಶಿಯ ಕಾಲಕ್ಕೆ ಆಯದ ಜೋಳ ಬರುತ್ತಿತ್ತು. ಆಯದಲ್ಲಿ ಅವಮಾನವೂ ಇತ್ತು, ಅದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಪಂಪುಸೆಟ್ಟು ಬಂದು ಕಪಿಲೆ ನಿಂತಿತು, ಟ್ರ್ಯಾಕ್ಟರು ಬಂದು ಮಿಣಿ ನಿಂತಿತು. ಜೋಡೊಂದೇ ಉಳಿದು, ಅದನ್ನು ಹೊತ್ತುಕೊಂಡು ಸಂತೆ ಜಾತ್ರೆಗಳನ್ನು ಸುತ್ತುವ ಕಾಲ ಬಂತು.

ಕೊಳ್ಳುವವರಿಗೆ ಉಪಯೋಗವಾಗಲೆಂದು ಅವನು ತೋರಿಸಿಕೊಟ್ಟುದನ್ನು ಹೇಳಿಬಿಡುತ್ತೇವೆ. ತೊಗಟೆಯಲ್ಲಿ ಹದಗೊಂಡ ತೊಗಲಿನ ಅಂಚನ್ನು ಕೊಯ್ದು ನೋಡಿದರೆ ಒಳಗೂ ಕಂದು ಬಣ್ಣವೇ. ರಾಸಾಯನಿಕದಲ್ಲಿ ಹದಗೊಂಡುದು ಹಲವು ವೇಳೆ ನಡುವೆ ನೀಲಿ ಬೂದಿಯಾಗಿ ಕಾಣುತ್ತದೆ. ಹೊಸ ಜೋಡು ಕೆಲವು ದಿನ ಕಚ್ಚುತ್ತದೆ. ಎಣ್ಣೆ ಹಚ್ಚಿ ಸ್ವಲ್ಪ ಸ್ವಲ್ಪವೇ ಮೆಟ್ಟಿದರೆ ನಿಮ್ಮ ಪಾದದ ಅಚ್ಚನ್ನು ತಾನೇ ತಳೆಯುತ್ತದೆ.

ನಮ್ಮ ಜಿಲ್ಲೆಯ ಕಲ್ಯಾಣದಲ್ಲಿಯೇ ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದ ಕಥೆಯನ್ನು ಪುರಾಣ ಪ್ರವಚನಗಳಲ್ಲಿ ಕೇಳಿ ಕಣ್ಣೀರಿಡದ ಭಕ್ತರಿಲ್ಲ. ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರು ಎಂಬಲ್ಲಿಗೆ ಬಂದಾಗ ಸಭೆಯೆಲ್ಲ ಕೈಮುಗಿಯುತ್ತದೆ. ಕೈಮುಗಿದವರು ಪ್ರವಚನ ಮುಗಿಸಿ ಬಯಲಿನ ಕಡೆಗೂ ಹೋಗುತ್ತಾರೆ, ಮುನ್ನೂರಕ್ಕೆ ಕೊಡು ಎನ್ನುತ್ತಾರೆ.

ಈ ವರ್ಷ ಜಾತ್ರೆಯ ಸಿದ್ಧತೆಗೆ ಸಭೆ ಸೇರಿದಾಗ, ಜೋಡಿನ ಅಂಗಡಿಗೆ ತೇರಿನ ಬೀದಿಯಲ್ಲಿ ಸ್ಥಳ ಕೊಡಬೇಕೆಂದು ನಾವು ಸೂಚಿಸಿದೆವು. “ತೇರು ಹೋಗುವಲ್ಲಿ ತೊಗಲೇ, ಬುದ್ಧಿ?” ಎಂದು ಒಬ್ಬ ಹಿರಿಯರು ಕೇಳಿದರು. ತೇರಿನ ಮುಂದೆ ಬಾರಿಸುವ ಹಲಗೆಯನ್ನು ಯಾವುದರಿಂದ ಮಾಡಿದ್ದಾರೆ ಎಂದೆವು. ಯಾರೂ ಮಾತಾಡಲಿಲ್ಲ. ಒಪ್ಪಿದರೆಂದು ಹೇಳಲಾರೆವು, ಆದರೆ ಸ್ಥಳ ದೊರೆಯಿತು.

ಖಟಕ ಚಿಂಚೋಳಿಯವನಿಗೆ ಸುದ್ದಿ ಮುಟ್ಟಿಸಿದಾಗ ಅವನು ಕೇಳಿದ್ದು ಒಂದೇ: ಬೀದಿಯಲ್ಲಿ ಕೂತರೆ ಫಲಕ ಬೇಕಾಗುತ್ತದೆ, ಅದರ ಮೇಲೆ ಏನು ಬರೆಯಿಸಲಿ? ಕೊಲ್ಹಾಪುರಿ ಎನ್ನುವಂತಿಲ್ಲ. ನಿಮ್ಮ ಊರಿನ ಹೆಸರನ್ನೇ ಬರೆಯಿಸು, ಕೆಳಗೆ ಬೆಲೆಯನ್ನು ಅಚ್ಚಿನ ಅಂಕಿಯಲ್ಲಿ ಹಾಕಿಸು ಎಂದೆವು. ಫಲಕ ಸಿದ್ಧವಾಗಿದೆಯಂತೆ: “ಖಟಕ ಚಿಂಚೋಳಿಯ ಕೈಹೊಲಿಗೆಯ ಜೋಡು, ರೂ. 800.”